ಮಾರಾಟಕ್ಕಿಲ್ಲದ ಬೆಕ್ಕು

ಮಗಳ ಮದುವೆ ನಿಶ್ಚಯವಾದೊಡನೆ ಗೃಹಸ್ಥನು ಮೊದಲು ಚಿನ್ನದಂಗಡಿಗೆ ಹೋಗುತ್ತಾನೆ, ಅನಂತರ ಜವಳಿಯಂಗಡಿಗೆ, ಕಟ್ಟಕಡೆಗೆ, ಕೈಯಲ್ಲಿ ಉಳಿದ ಹಣವನ್ನು ಎರಡು ಸಲ ಎಣಿಸಿಕೊಂಡು, ಮಂಚ ಬೀರುಗಳ ಅಂಗಡಿಯ ಮೆಟ್ಟಿಲನ್ನು ಹತ್ತುತ್ತಾನೆ. ಆದರೆ ಆಯುಸ್ಸಿನ ಲೆಕ್ಕದಲ್ಲಿ ಈ ಅನುಕ್ರಮವು ತಲೆಕೆಳಗಾಗುತ್ತದೆ. ಒಡವೆ ಅಡವಿಗೆ ಹೋದೀತು, ಸೀರೆ ಪಾತ್ರೆಯವನ ಪಾಲಾದೀತು; ಮಂಚವು ಮಾತ್ರ ಬಾಣಂತನವನ್ನೂ, ಮಕ್ಕಳ ಜ್ವರವನ್ನೂ, ಹಿರಿಯರ ಕೊನೆಯ ಉಸಿರನ್ನೂ ಕಂಡು ಮೂಲೆಯಲ್ಲಿ ಮೌನವಾಗಿ ನಿಂತಿರುತ್ತದೆ. ಇಷ್ಟಾದರೂ ಅದನ್ನು ಮಾಡಿಕೊಟ್ಟ ಅಂಗಡಿ ಯಾವುದೆಂದು ಕೇಳಿದರೆ ಮನೆಯಲ್ಲಿ ಹೇಳಬಲ್ಲವರು ಅಪರೂಪ.

ಅಂಥ ಒಂದು ಅಂಗಡಿಯ ಕಥೆಯನ್ನು ಈ ವಾರ ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಅದು ಲಂಡನ್ ನಗರದ ಹೀಲ್ ಮನೆತನದ ಪೀಠೋಪಕರಣಗಳ ಅಂಗಡಿ. ೧೮೧೦ರಲ್ಲಿ ಆರಂಭವಾಗಿ ೧೯೮೩ರವರೆಗೆ, ಎಂದರೆ ೧೭೩ ವರ್ಷಗಳ ಕಾಲ, ಒಂದೇ ಮನೆತನದ ಕೈಯಲ್ಲಿ ನಡೆದು ಬಂದದ್ದು.

ಮೂಲಪುರುಷನಾದ ಜಾನ್ ಹ್ಯಾರಿಸ್ ಹೀಲ್ ಮಾರಿದ್ದು ಮರದ ಸಾಮಾನನ್ನಲ್ಲ, ಹಕ್ಕಿಯ ಗರಿಯನ್ನು. ಆ ಕಾಲದಲ್ಲಿ ಇಂಗ್ಲೆಂಡಿನ ಉಳ್ಳವರು ಮಲಗುತ್ತಿದ್ದುದು ಬಾತಿನ ಪುಕ್ಕ ತುಂಬಿದ ಹಾಸಿಗೆಯ ಮೇಲೆ. ಕಿತ್ತ ಪುಕ್ಕದಲ್ಲಿ ಜಿಡ್ಡು, ಧೂಳು, ದುರ್ವಾಸನೆ ಎಲ್ಲವೂ ಸೇರಿರುತ್ತದೆ. ಅದನ್ನು ಶುದ್ಧಮಾಡಿ, ಒಣಗಿಸಿ, ಬಡಿದು ಹಗುರಗೊಳಿಸುವುದೇ ಒಂದು ಪ್ರತ್ಯೇಕ ಕಸುಬು. ನಮ್ಮ ಬೀದಿಗಳಲ್ಲಿ ಬಿಲ್ಲಿನ ತಂತಿಯನ್ನು ಮಿಡಿಯುತ್ತ ಬಂದು, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಾಸಿಗೆಗೆ ಜೀವ ತುಂಬುತ್ತಿದ್ದ ಪಿಂಜಾರರನ್ನು ಬಲ್ಲವರಿಗೆ ಈ ಕಸುಬಿನ ಮರ್ಮವನ್ನು ವಿವರಿಸಬೇಕಾಗಿಲ್ಲ. ಹಾಸಿಗೆಯ ಹೊದಿಕೆಯೊಳಗೆ ಏನಿದೆಯೆಂಬುದು ಕೊಳ್ಳುವವನ ಕಣ್ಣಿಗೆ ಕಾಣುವುದಿಲ್ಲ. ಅವನು ಅಂಗಡಿಯವನ ಮಾತನ್ನೇ ನಂಬಬೇಕು. ಹೀಲ್ ಮನೆತನದ ವ್ಯಾಪಾರಕ್ಕೆ ಮೊದಲ ಬಂಡವಾಳವೇ ಈ ನಂಬಿಕೆ.

೧೮೧೮ರಲ್ಲಿ ಅಂಗಡಿಯು ಟಾಟೆನ್ಹಂ ಕೋರ್ಟ್ ರಸ್ತೆಗೆ ಬಂತು. ೧೮೩೩ರಲ್ಲಿ ಯಜಮಾನನು ತೀರಿಕೊಂಡನು. ಅವನ ವಿಧವೆಯಾದ ಫ್ಯಾನಿ ಹೀಲ್ ಬಾಗಿಲನ್ನು ಮುಚ್ಚಲಿಲ್ಲ. ‘ಫ್ಯಾನಿ ಹೀಲ್ ಮತ್ತು ಮಗ’ ಎಂಬ ಹೆಸರಿನಲ್ಲಿ ವ್ಯಾಪಾರವನ್ನು ಮುಂದುವರಿಸಿದಳು. ಗಂಡನಿರುವ ಹೆಂಗಸಿನ ಆಸ್ತಿಯೆಲ್ಲ ಗಂಡನದೇ ಎಂಬ ಕಾನೂನು ಆಗ ಇಂಗ್ಲೆಂಡಿನಲ್ಲಿತ್ತು. ಅದು ಸಡಿಲವಾಗತೊಡಗಿದ್ದು ೧೮೭೦ರ ಬಳಿಕ. ಸ್ವಂತ ಹೆಸರಿನಲ್ಲಿ ವ್ಯವಹಾರ ನಡೆಸುವ ಸ್ವಾತಂತ್ರ್ಯವು ವೈಧವ್ಯದ ದುಃಖದೊಡನೆಯೇ ಬರಬೇಕಾಗಿದ್ದುದು ಆ ಕಾಲದ ಕ್ರೂರ ವಿನೋದ. ಮುಂದೆ ಬಂದ ಗಂಡುಮಕ್ಕಳ ಕೀರ್ತಿಯಲ್ಲಿ ಈ ತಾಯಿಯ ಹೆಸರು ಮಸುಕಾಗಿದೆಯಾದರೂ ಆಕೆ ಅಂದು ಕದವಿಕ್ಕಿದ್ದರೆ ಇಂದು ಹೇಳಲು ಕಥೆಯೇ ಇರುತ್ತಿರಲಿಲ್ಲ.

೧೮೪೦ರಲ್ಲಿ ಅಂಗಡಿಯು ಅದೇ ರಸ್ತೆಯಲ್ಲಿ ಇನ್ನೊಂದು ನಿವೇಶನಕ್ಕೆ ಬಂದು ನೆಲೆಯೂರಿತು. ಅದು ಹಿಂದೆ ಕ್ಯಾಪರ್ ಎಂಬ ಮನೆತನದ ಹೊಲವಾಗಿದ್ದ ಜಾಗ. ಆ ಮನೆಯ ಇಬ್ಬರು ಅವಿವಾಹಿತ ಸೋದರಿಯರ ವಿಷಯವಾಗಿ ಹಳೆಯ ಲಂಡನ್ನಿಗರು ಒಂದು ಸ್ವಾರಸ್ಯವನ್ನು ಹೇಳುತ್ತಿದ್ದರು. ಒಬ್ಬಾಕೆ ಮುದಿ ಕುದುರೆಯನ್ನೇರಿ, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು, ಹೊಲದಲ್ಲಿ ಗಾಳಿಪಟ ಹಾರಿಸುವ ಹುಡುಗರ ದಾರವನ್ನು ಕತ್ತರಿಸುತ್ತಿದ್ದಳಂತೆ. ಇನ್ನೊಬ್ಬಾಕೆ ಅಲ್ಲಿ ಈಜಲು ಬಂದ ಹುಡುಗರ ಬಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದಳಂತೆ! ಹಸುರು ಹೋಗಿ ಪೇಟೆ ಬಂದ ಮೇಲೂ ಆ ಹೊಲದ ಮನೆಯು ಬಹುಕಾಲ ಹೀಲರ ಅಂಗಡಿಯ ಹಿಂದೆ ಉಳಿದುಕೊಂಡಿತ್ತು.

ಫ್ಯಾನಿಯ ಮಗನಾದ ಎರಡನೆಯ ಜಾನ್ ಹ್ಯಾರಿಸ್ ಹೀಲನು ಪ್ರಚಾರದ ಬಲವನ್ನು ಅರಿತವನು. ಚಾರ್ಲ್ಸ್ ಡಿಕನ್ಸನ ಕಾದಂಬರಿಗಳು ಆಗ ತಿಂಗಳಿಗೊಂದು ಕಂತಿನಂತೆ, ಒಂದು ಶಿಲಿಂಗ್ ಬೆಲೆಗೆ, ಬಣ್ಣದ ರಕ್ಷಾಪತ್ರದೊಳಗೆ ಹೊರಬರುತ್ತಿದ್ದುವು. ಕಥೆಯು ಕುತೂಹಲದ ತುದಿಯಲ್ಲಿ ನಿಂತಾಗ ನಿಟ್ಟುಸಿರಿಟ್ಟು ಪುಟ ಮಗುಚಿದ ಓದುಗನಿಗೆ ಎದುರಾಗುತ್ತಿದ್ದುದು ಹೀಲ್ ಅಂಗಡಿಯ ಮಂಚ ಹಾಸಿಗೆಗಳ ಜಾಹೀರಾತು. ಹಾಸಿಗೆಗಳ ತೂಕ, ಅಳತೆ, ಬೆಲೆಗಳನ್ನು ಕಾಣಿಸುವ ಪಟ್ಟಿಯನ್ನು ಕೇಳಿದವರಿಗೆ ಅಂಚೆಯ ಮೂಲಕ ಉಚಿತವಾಗಿ ಕಳುಹಿಸುವುದಾಗಿ ಅದರಲ್ಲಿ ಸಾರಿತ್ತು. ಕಾಣದ ಗರಿಯ ತೂಕವನ್ನು ಅಚ್ಚಿನಲ್ಲಿ ಹೇಳಿಬಿಟ್ಟ ಮೇಲೆ ಅಂಗಡಿಯವನು ಆ ಮಾತಿಗೆ ಕಟ್ಟುಬಿದ್ದಂತೆಯೇ. ಧಾರಾವಾಹಿಗಾಗಿ ವಾರವಾರವೂ ಕಾಯುವ ನಮ್ಮ ವಾಚಕರಿಗೆ ಈ ಸಂಬಂಧವು ಹೊಸದೆನಿಸಲಾರದು.

ಕಥೆಗೆ ನಿಜವಾದ ತಿರುವು ಬಂದದ್ದು ಆಂಬ್ರೋಸ್ ಹೀಲನ ಕಾಲದಲ್ಲಿ. ೧೮೭೨ರಲ್ಲಿ ಹುಟ್ಟಿದ ಈತನು ಅಂಗಡಿಯ ಗಲ್ಲದ ಮುಂದೆ ಕೂರುವ ಮೊದಲು ವಾರಿಕ್ ಪಟ್ಟಣದ ಬಡಗಿಗಳ ಕಾರ್ಖಾನೆಯಲ್ಲಿ ಉಳಿ ಬಾಚಿ ಹಿಡಿದು ಶಿಷ್ಯವೃತ್ತಿ ಮಾಡಿದನು. ೧೮೯೩ರಲ್ಲಿ ಅಂಗಡಿಗೆ ಬಂದಾಗ ಅಲ್ಲಿದ್ದುದು ಕೆತ್ತನೆ, ಬಳ್ಳಿ, ಗೊಂಡೆಗಳಿಂದ ತುಂಬಿ ತುಳುಕುವ ಭಾರವಾದ ಸಾಮಾನು. ಮರದ ಬಣ್ಣವನ್ನು ಮುಚ್ಚದೆ, ಜೋಡಣೆಯನ್ನು ಮರೆಸದೆ, ಓಕ್ ಮರದಲ್ಲಿ ಸರಳವಾದ ಮಂಚ ಬೀರುಗಳನ್ನು ಆತನು ತಾನೇ ರಚಿಸಿ, ೧೮೯೮ರಲ್ಲಿ ಅವುಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿದನು. ಅಂಗಡಿಯ ಮಾರಾಟಗಾರರೇ ಅದನ್ನು ಕಂಡು ಮೂಗು ಮುರಿದರು. ‘ಸೆರೆಮನೆಯ ಸಾಮಾನು’ ಎಂದು ಅದಕ್ಕೆ ಅಡ್ಡಹೆಸರಿಟ್ಟರು. ಯಜಮಾನನ ಮಗನೆಂಬ ಬಲವಿದ್ದರೂ ತನ್ನವರ ನಗೆಯನ್ನು ನುಂಗಿಕೊಂಡು ನಿಲ್ಲುವುದು ಸುಲಭವಲ್ಲ. ಆಂಬ್ರೋಸನು ನಿಂತನು. ೧೯೦೦ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಅಂಗಡಿಯ ಶಯನಗೃಹದ ಸಾಮಗ್ರಿಯು ಕಾಣಿಸಿಕೊಂಡಿತು. ಕ್ರಮೇಣ ಸರಳತೆಯೇ ಅಂಗಡಿಯ ಗುರುತಾಯಿತು. ೧೯೩೩ರಲ್ಲಿ ಅವನಿಗೆ ‘ಸರ್’ ಪದವಿಯೂ ಬಂತು.

೧೯೧೬ರಲ್ಲಿ ಸಿದ್ಧವಾದ ಹೊಸ ಕಟ್ಟಡದ ಶಿಲ್ಪಿ ಆತನ ಬಂಧುವಾದ ಸೆಸಿಲ್ ಬ್ರೂಯರ್. ಅದರ ಮೇಲಂತಸ್ತಿನ ಚಿತ್ರಶಾಲೆಯಲ್ಲಿ ೧೯೧೯ರಲ್ಲಿ ಪಿಕಾಸೊ, ಮಾಟಿಸ್, ಮೊದಿಲಿಯಾನಿ ಮೊದಲಾದವರ ಚಿತ್ರಗಳು ಪ್ರದರ್ಶಿತವಾದುವು. ಆಟಿಕೆಯ ವಿಭಾಗದಲ್ಲಿ ಕೆಲಸಕ್ಕಿದ್ದ ಡೋಡಿ ಸ್ಮಿತ್ ಎಂಬಾಕೆ ಬರೆದ ನಾಟಕವೊಂದು ೧೯೩೧ರಲ್ಲಿ ರಂಗವೇರಿ ಜಯಭೇರಿ ಹೊಡೆಯಿತು. ೧೯೫೬ರಲ್ಲಿ ಆಕೆಯೇ ಬರೆದ ನೂರ ಒಂದು ನಾಯಿಗಳ ಕಥೆಯನ್ನು ಇಂದಿನ ಮಕ್ಕಳೂ ಬಲ್ಲರು.

ಈ ಕಟ್ಟಡದ ಸುರುಳಿ ಮೆಟ್ಟಿಲಿನ ಬಳಿ ಕಂಚಿನ ಬೆಕ್ಕೊಂದನ್ನು ಇರಿಸಿದ್ದರು. ಒಮ್ಮೆ ಅದನ್ನು ಯಾರೋ ಗಿರಾಕಿಗೆ ಮಾರಿಬಿಟ್ಟದ್ದೂ ಆಯಿತು! ಯಜಮಾನರು ಆ ಮಾರಾಟವನ್ನು ನಡೆಯಗೊಡಲಿಲ್ಲ. ಬೆಕ್ಕಿನ ಬಳಿ ಫಲಕವೊಂದು ಬಂತು: ಇದು ಅಂಗಡಿಯ ಶುಭಚಿಹ್ನೆ, ಮಾರಾಟಕ್ಕಿಲ್ಲ. ಕಂಡದ್ದಕ್ಕೆಲ್ಲ ಬೆಲೆಚೀಟಿ ಅಂಟಿಸುವ ಸ್ಥಳದಲ್ಲಿ ಬೆಲೆಯಿಲ್ಲದ ಒಂದು ವಸ್ತುವಿರಬೇಕೆಂಬ ಈ ಹಟವು ನನಗೆ ಬಹಳ ಹಿಡಿಸಿದೆ.

ಆಂಬ್ರೋಸನಿಗೆ ಇನ್ನೊಂದು ಹುಚ್ಚೂ ಇತ್ತು. ಹದಿನೆಂಟನೆಯ ಶತಮಾನದ ಲಂಡನ್ನಿನ ಅಂಗಡಿಗಳು ಅಚ್ಚುಹಾಕಿಸಿ ಹಂಚುತ್ತಿದ್ದ ವ್ಯಾಪಾರದ ಚೀಟಿಗಳನ್ನು ಆತನು ಜೀವಮಾನವಿಡೀ ಹುಡುಕಿ ಕೂಡಿಹಾಕಿದನು. ಆ ಸಂಗ್ರಹವೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ೧೯೫೩ರಲ್ಲಿ, ತನ್ನ ಎಂಬತ್ತರ ಇಳಿವಯಸ್ಸಿನಲ್ಲಿ, ೧೬೬೦ರಿಂದ ೧೮೪೦ರವರೆಗಿನ ಲಂಡನ್ನಿನ ಪೀಠೋಪಕರಣ ಕುಶಲಿಗಳ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಸುಮಾರು ೨,೫೦೦ ಮಂದಿ ಬಡಗಿಗಳು, ಗಾದಿ ತುಂಬುವವರು, ಕೆತ್ತನೆಗಾರರು ದಾಖಲಾಗಿದ್ದಾರೆ. ಒಂದು ಕಾಲಕ್ಕೆ ಇವನ ಪೂರ್ವಿಕರಂತೆಯೇ ಬಾಗಿಲು ತೆರೆದು, ದೀಪ ಹಚ್ಚಿ, ಗಿರಾಕಿಯ ದಾರಿ ಕಾಯುತ್ತಿದ್ದವರು, ಒಬ್ಬೊಬ್ಬರಾಗಿ ಮರೆಯಾದವರು. ತನ್ನ ಅಂಗಡಿಯ ಗತಿಯೂ ಎಂದಾದರೊಂದು ದಿನ ಅದೇ ಎಂಬುದನ್ನು ಅರಿಯದೆ ಇಂಥ ಪುಸ್ತಕವನ್ನು ಬರೆಯಲಾದೀತೆ?

೧೯೫೯ರಲ್ಲಿ ಆಂಬ್ರೋಸನು ಕಾಲವಾದನು. ಮಗ ಆಂಟನಿ ಹೀಲನು ಅಂಗಡಿಯನ್ನು ನಡೆಸಿದನು. ಅವನ ಬಳಿಕ ಆಲಿವರ್ ಹೀಲನು. ೧೯೮೩ರಲ್ಲಿ ಅಂಗಡಿಯು ‘ಹ್ಯಾಬಿಟಾಟ್’ ಸಮೂಹಕ್ಕೆ ಮಾರಾಟವಾಯಿತು. ಹೆಸರು ಉಳಿಯಿತು, ಮನೆತನವು ಹೊರಗೆ ಬಂತು. ಬೆಕ್ಕನ್ನು ಮಾರಲೊಪ್ಪದವರು ಕೊನೆಗೆ ಬೆಕ್ಕು ಕುಳಿತ ಅಂಗಡಿಯನ್ನೇ ಮಾರಬೇಕಾಯಿತಲ್ಲ ಎಂದು ವಾಚಕರು ಮರುಗಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಅಂಗಡಿಯು ವ್ಯಾಪಾರದ ವಸ್ತು. ಅದು ಕೈಬದಲಾಯಿಸುವುದು ಲೋಕದ ರೀತಿ. ತೂಕವನ್ನು ಮರೆಮಾಚದೆ ಬರೆದ ಪಟ್ಟಿ, ಬಾಗಿಲು ಮುಚ್ಚದ ವಿಧವೆಯ ಧೈರ್ಯ, ಜೋಡಣೆಯನ್ನು ಮರೆಸದ ಮಂಚ, ಇವುಗಳನ್ನು ಯಾವ ಪತ್ರದಿಂದಲೂ ಪರಭಾರೆ ಮಾಡಲು ಬರುವುದಿಲ್ಲ.

ನಮ್ಮ ಊರುಗಳಲ್ಲಿಯೂ ಅಜ್ಜ, ಮಗ, ಮೊಮ್ಮಗ ಒಂದೇ ಗಲ್ಲದ ಮುಂದೆ ಕುಳಿತು ನಡೆಸಿದ ಇಂಥ ಅಂಗಡಿಗಳುಂಟು. ತೇಗದ ಹೊಟ್ಟಿನ ವಾಸನೆಯ ನಡುವೆ ಆ ಮನೆಗಳ ಚರಿತ್ರೆಯೂ ಅಡಗಿದೆ. ಈ ಭಾನುವಾರ ಬಿಡುವಾದಾಗ ನಿಮ್ಮ ಮನೆಯ ಹಳೆಯ ಬೀರುವಿನ ಖಾನೆಯನ್ನು ಹೊರಗೆಳೆದು ನೋಡಿ. ಹಾಸಿದ ಕಾಗದದ ಅಡಿಯಲ್ಲಿ ಹಳದಿ ತಿರುಗಿದ ರಸೀತಿಯೊಂದು ಸಿಕ್ಕೀತು. ಅದನ್ನು ಹರಿದು ಬಿಸಾಡಬೇಡಿ. ಅಂಗಡಿಯ ಹೆಸರು, ಬೀದಿ, ತಾರೀಖುಗಳನ್ನು ಓದಿಕೊಂಡು, ಹಿಂಬದಿಯಲ್ಲಿ ಆ ಬೀರು ಯಾರ ಮದುವೆಗೆ ಬಂದದ್ದೆಂಬುದನ್ನು ಬರೆದು, ಇದ್ದಲ್ಲಿಯೇ ಇಡಿ.