ತಲೆ ಎಣಿಸಿ ಕೊಡಿ, ಜೋಳ ಕೊಡಿ

ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರೇ,

ನಮ್ಮ ಮನೆಯಲ್ಲಿ ಅತ್ತೆ-ಮಾವ ಹಿಡಿದು ಒಂಬತ್ತು ಮಂದಿ, ಒಲೆ ಒಂದೇ. ದಿನಕ್ಕೆ ನಲವತ್ತು ರೊಟ್ಟಿಯಾದರೂ ಬೇಕು. ಕಿಲೋ ಹಿಟ್ಟಿಗೆ ಹನ್ನೆರಡು ರೊಟ್ಟಿ ಬಡಿದರೂ ತಿಂಗಳಿಗೆ ಒಂದು ಕ್ವಿಂಟಲ್ ಜೋಳ ಬೇಕಾಗುತ್ತದೆ. 2025-26ಕ್ಕೆ ಹೈಬ್ರಿಡ್ ಜೋಳದ ಬೆಂಬಲ ಬೆಲೆಯೇ ಕ್ವಿಂಟಲಿಗೆ 3,699 ರೂಪಾಯಿ. ಆ ದರ ಹಿಡಿದರೂ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ ಬರುವ 2,000 ರೂಪಾಯಿಗೆ ಅರ್ಧ ಕ್ವಿಂಟಲಿಗಿಂತ ತುಸು ಹೆಚ್ಚು ಬರುತ್ತದೆ, ಅಷ್ಟೇ.

ಹೊಲ ಇದ್ದವರು ಜೋಳ ಯಾಕೆ ಕೊಳ್ಳುತ್ತೀರಿ ಎಂದು ನೀವು ಕೇಳಬಹುದು. ನಮ್ಮ ಹಾವೇರಿ ಜಿಲ್ಲೆಯ ಹೊಲಗಳನ್ನು ಒಮ್ಮೆ ನೋಡಿ. ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಅದು ಕೋಳಿ ಆಹಾರದ ಕಾರ್ಖಾನೆಗೆ ಹೋಗುವ ಬೆಳೆ, ಕೈಗೆ ಒಮ್ಮೆಲೇ ರೊಕ್ಕ ಕೊಡುತ್ತದೆಂದು ನಂಬಿದ ಬೆಳೆ. 2025ರ ಸುಗ್ಗಿಯಲ್ಲಿ ಅದರ ಬೆಂಬಲ ಬೆಲೆ 2,400 ರೂಪಾಯಿ ಇದ್ದರೂ ಪೇಟೆಯಲ್ಲಿ ಎರಡು ಸಾವಿರವೂ ಹುಟ್ಟಲಿಲ್ಲ. ಪಕ್ಕದ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತದ್ದು ಅದಕ್ಕೇ. ಮಾರುವ ಬೆಳೆಗೆ ಬೆಲೆ ಬೀಳುತ್ತದೆ, ಉಣ್ಣುವ ಕಾಳನ್ನು ಪೇಟೆಯ ದರಕ್ಕೇ ತರಬೇಕು. ಅದೇ ವರ್ಷ ಏಪ್ರಿಲ್ ಒಂದೇ ತಿಂಗಳಲ್ಲಿ ಹಾಲು ಲೀಟರಿಗೆ 4 ರೂಪಾಯಿ, ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಏರಿತು.

ದರ ಏರಿದಾಗ ನಮ್ಮ ಕಡೆ ರೊಟ್ಟಿ ಕಡಿಮೆಯಾಗುವುದಿಲ್ಲ, ರೊಟ್ಟಿಯ ಜೊತೆಗಿನದು ಕಡಿಮೆಯಾಗುತ್ತದೆ. ಬೇಳೆ ನೀರಾಗುತ್ತದೆ. ಝುಣಕದ ಎಣ್ಣೆ ಒಗ್ಗರಣೆಗಷ್ಟೇ ಸೀಮಿತವಾಗುತ್ತದೆ. ಶೇಂಗಾ ಹಿಂಡಿ ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಮಾತ್ರ. ಕೊನೆಯಲ್ಲಿ ಉಣ್ಣುವ ಸೊಸೆಯಂದಿರ ತಾಟಿಗೆ ಒಣರೊಟ್ಟಿ, ಖಾರ. ರಕ್ತ ಕಡಿಮೆ ಇದೆ ಎಂದು ಆಶಾ ಕಾರ್ಯಕರ್ತೆ ಮಾತ್ರೆ ಕೊಟ್ಟು ಹೋಗುತ್ತಾಳೆ. ಮಾತ್ರೆ ಬೇಕು, ಬೇಳೆಯೂ ಬೇಕು.

ಅನ್ನಭಾಗ್ಯದ ಪಡಿತರಕ್ಕೆ ನಾನು ಋಣಿ. 2013ರಿಂದ ನಮ್ಮಂಥವರ ಮನೆಯಲ್ಲಿ ಯಾರೂ ಬರೀ ಹೊಟ್ಟೆಯಲ್ಲಿ ಮಲಗದಂತೆ ಅದು ನೋಡಿಕೊಂಡಿದೆ. ಆದರೆ ರೊಟ್ಟಿ ಉಣ್ಣುವ ನಾಡಿಗೆ ಬರುವುದು ಹೆಚ್ಚಾಗಿ ಅಕ್ಕಿ. ಜನ ಅಕ್ಕಿ ಮಾರಿಕೊಳ್ಳುತ್ತಾರೆ ಎಂದು ಸರ್ಕಾರ ಬೇಸರಿಸುತ್ತದೆ. ಮಾರುತ್ತಾರೆ, ನಿಜ. ಬಹಳ ಮನೆಗಳು ಜೋಳ ಕೊಳ್ಳಲಿಕ್ಕೆಂದೇ ಮಾರುತ್ತವೆ, ಅದೂ ಮನೆ ಬಾಗಿಲಿಗೆ ಬಂದವನು ಹೇಳಿದ ದರಕ್ಕೆ.

2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್ ಕೊಡಲು ಒಪ್ಪಿದ್ದನ್ನು ಓದಿ ಸಂತೋಷಪಟ್ಟೆ. ಆದರೆ ಅಕ್ಕಿಯನ್ನು ತಲೆಗೆ ಇಷ್ಟು ಎಂದು ಅಳೆಯುತ್ತಿದ್ದಿರಿ, ಬೇಳೆಯನ್ನೂ ಹಾಗೆಯೇ ಅಳೆಯಿರಿ. ಐವರ ಮನೆಗೂ ಒಂಬತ್ತು ಮಂದಿಯ ಮನೆಗೂ ಒಂದೇ ಅಳತೆಯಾದರೆ ನಾಲ್ಕು ಮಂದಿಯ ಪಾಲು ಹೋದಂತೆ. ಗೃಹಲಕ್ಷ್ಮಿಯೂ ಪಡಿತರ ಕಾರ್ಡಿಗೊಬ್ಬ ಯಜಮಾನಿಗೇ ಬರುವುದರಿಂದ ಕೂಡಿ ಉಣ್ಣುವ ಮನೆಗಳು ಕಾಗದದ ಮೇಲೆ ಬೇರೆಯಾಗಲು ಕಚೇರಿಗೆ ಅಲೆಯುತ್ತಿವೆ. ಮುಪ್ಪಿನವರನ್ನು, ಗಂಡ ಸತ್ತ ನಾದಿನಿಯನ್ನು, ಅವಳ ಮಕ್ಕಳನ್ನು ಇಟ್ಟುಕೊಂಡು ಸಾಕುವ ಮನೆಗೆ ಸರ್ಕಾರದಿಂದ ಶಿಕ್ಷೆಯಾಗಬಾರದು.

ಜೋಳ ಬೆಳೆಯುವವರಿಂದ ಬೆಂಬಲ ಬೆಲೆಗೆ ಜೋಳ ಕೊಳ್ಳಿ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಅರ್ಧ ಪಾಲಿಗಾದರೂ ಅದನ್ನೇ ಕೊಡಿ. ಕೊಳ್ಳುವವರು ಇದ್ದಾರೆಂದು ಗೊತ್ತಾದರೆ ನಮ್ಮವರೂ ಎರಡು ಎಕರೆ ಜೋಳ ಬಿತ್ತುತ್ತಾರೆ. ಬಿತ್ತನೆಗೆ ಮೊದಲೇ ಹೀಗೆ ಕೊಳ್ಳುವ ಆದೇಶ ಬಂದರೆ ಮುಂದಿನ ಸುಗ್ಗಿಗೇ ಜೋಳ ಸಿಕ್ಕೀತು.

ಇಂತಿ,
ಹಲಗೇರಿಯ ಒಬ್ಬ ಗೃಹಿಣಿ
ರಾಣೆಬೆನ್ನೂರು ತಾಲ್ಲೂಕು