‘ಕ್ವಾರ್ಟರ್’ ತೆಗೆದು ‘ಹಾಲು’ ಹಾಕಿದರೆ ಮಕ್ಕಳ ಹಾಡಾಗುತ್ತಾ?

ಗ್ಯಾದರಿಂಗ್ ಸೀಸನ್ ಬಂತೆಂದರೆ ನಮ್ಮ ಶಹಾಪುರದಲ್ಲಿ ಡಿ.ಇಡಿ, ಬಿ.ಇಡಿ ಮುಗಿಸಿ ಖಾಸಗಿ ಶಾಲೆ ಸೇರಿದ ಗೆಳೆಯ ಗೆಳತಿಯರಿಗೆ ಹೊಸ ಡ್ಯೂಟಿಯೊಂದು ಬೀಳುತ್ತದೆ. ಪಾಲಕರಿಗೆ ಹಿಟ್ ಸಿನಿಮಾ ಹಾಡೇ ಬೇಕು. ಆ ಹಾಡಿನಲ್ಲಿ ಎಣ್ಣೆಯೋ, ಹುಡುಗಿಯ ಸೊಂಟವೋ ಇದ್ದರೆ ಶಾಲೆಯವರು ಹೇಳುವುದು ಒಂದೇ ಮಾತು: ‘ಆ ಶಬ್ದಷ್ಟೇ ತೆಗೀರಿ, ಮ್ಯೂಸಿಕ್ ಇರ್ಲಿ.’

ಗೆಳತಿಯೊಬ್ಬಳ ಪಾಲಿಗೆ ಬಂದದ್ದು 2013ರ ‘ವಿಕ್ಟರಿ’ ಸಿನಿಮಾದ ಕ್ವಾರ್ಟರ್ ಬಾಟಲಿಯ ಹಾಡು. ಹತ್ತು ವರ್ಷ ದಾಟಿದರೂ ಮದುವೆ ಡಿಜೆಗಳು ಅದನ್ನು ಬಿಟ್ಟಿಲ್ಲ. ಆಕೆ ಕ್ವಾರ್ಟರ್ ಜಾಗಕ್ಕೆ ಹಾಲಿನ ಗ್ಲಾಸ್ ತಂದಳು. ಪ್ರಾಕ್ಟೀಸ್ ವೇಳೆ ಎರಡನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಇದು ಹಾಲಿನ ಹಾಡಲ್ರೀ, ಕುಡುಕರ ಹಾಡದರೀ’ ಎಂದನಂತೆ. ಇಡೀ ಕ್ಲಾಸು ನಕ್ಕಿತು. ಇಂಥ ತಿದ್ದುಪಡಿಯ ಸಮಸ್ಯೆ ಏನೆಂಬುದು ಆ ಹುಡುಗನ ಮಾತಿನಲ್ಲೇ ಇದೆ.

ಇದು ನಮ್ಮೂರಿನ ಐಡಿಯಾ ಏನಲ್ಲ. ಅಮೆರಿಕದಲ್ಲಿ ‘ಕಿಡ್ಜ್ ಬಾಪ್’ ಎಂಬ ಆಲ್ಬಂಗಳ ಸರಣಿ 2001ರಿಂದ ಇದೇ ಕೆಲಸ ಮಾಡುತ್ತಿದೆ. ಹಿಟ್ ಆದ ಪಾಪ್ ಹಾಡುಗಳಿಂದ ಕುಡಿತ, ಲೈಂಗಿಕತೆಯ ಮಾತುಗಳನ್ನು ತೆಗೆದು ಮಕ್ಕಳಿಂದ ಹಾಡಿಸಿ ಮಾರುತ್ತಾರೆ. ಮನೆಮಂದಿಯೆಲ್ಲ ಮುಜುಗರವಿಲ್ಲದೆ ಕೇಳಬಹುದು ಎಂಬುದು ಅದರ ಲಾಭ. ಆ ಲಾಭ ಸುಳ್ಳೆಂದು ನಾನು ಹೇಳುವುದಿಲ್ಲ. ಸಿನಿಮಾ ಹಾಡೇ ಕೆಟ್ಟದ್ದು ಎನ್ನುವವರ ಸಾಲಿನಲ್ಲೂ ನಾನಿಲ್ಲ.

ಆದರೆ ನಾಲ್ಕು ಶಬ್ದ ಬದಲಾದ ಮಾತ್ರಕ್ಕೆ ಹಾಡು ಬದಲಾಗುವುದಿಲ್ಲ. ಬೇಡ ಎಂದ ಹುಡುಗಿಯ ಬೆನ್ನು ಹತ್ತುವ ಹಾಡಿನಲ್ಲಿ ಒಂದು ಕೆಟ್ಟ ಮಾತು ತೆಗೆದರೂ ಬೆನ್ನು ಹತ್ತುವುದು ಹಾಗೇ ಉಳಿಯುತ್ತದೆ. ಸ್ಟೆಪ್ಪುಗಳಂತೂ ಯೂಟ್ಯೂಬಿನವೇ. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು, ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ ತೋರಿಸಬೇಡಿ ಎಂದು ಖಾಸಗಿ ಟಿವಿ ಚಾನೆಲ್‌ಗಳಿಗೆ ಸಲಹೆ ನೀಡಿತ್ತು. ದೊಡ್ಡವರ ಸಿನಿಮಾದ ಕುಣಿತವನ್ನು ಮಕ್ಕಳಿಂದ ಮಾಡಿಸುವುದೇ ಅಲ್ಲಿನ ಆಕ್ಷೇಪವಾಗಿತ್ತು. ಟಿವಿಗೆ ಹೇಳಿದ ಮಾತು ನಮ್ಮ ಶಾಲೆಯ ಸ್ಟೇಜಿಗೆ ಅನ್ವಯಿಸುವುದಿಲ್ಲವೇ?

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಜಿ.ಪಿ. ರಾಜರತ್ನಂ. ಕುಡುಕ ರತ್ನನ ಬಾಯಲ್ಲಿ ‘ರತ್ನನ ಪದಗಳು’ ಬರೆದವರೂ ಅವರೇ, ತುತ್ತೂರಿಯ ಹಾಡು, ನಾಯಿಮರಿಯ ಹಾಡು ಬರೆದವರೂ ಅವರೇ. ರತ್ನನ ಹೆಂಡ ತೆಗೆದು ಹಾಲು ತುಂಬಿಸಿ ಅದನ್ನು ಮಕ್ಕಳ ಕೈಗೆ ಅವರು ಕೊಡಲಿಲ್ಲ. ಮಕ್ಕಳಿಗೆಂದೇ ಬೇರೆ ಬರೆದರು. 1993ರ ‘ಚಿನ್ನಾರಿ ಮುತ್ತ’ ಸಿನಿಮಾಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವತ್ಥ್ ಸಂಗೀತ ನೀಡಿದ ಹಾಡುಗಳೂ ಹಾಗೆಯೇ. ಸಿನಿಮಾ ಹಾಡಾಗಿಯೂ ಅವು ಮಕ್ಕಳವು. ಅವುಗಳಲ್ಲಿ ತೆಗೆಯಬೇಕಾದ ಶಬ್ದವೇ ಇಲ್ಲ.

ಹಾಗಂತ ಬೇರೆಯವರಿಂದ ಸಾಲ ತರಲೇಬಾರದೆಂದಲ್ಲ. ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನಿಂದ ತಂದರು. ಆದರೆ ಜರ್ಮನಿಯ ಊರಿನ ಕಥೆಯನ್ನು ತುಂಗೆಯ ದಡಕ್ಕೆ ತಂದು ನಮ್ಮದೇ ಮಾಡಿದರು. ನಮ್ಮ ಭಾಗದ ಭಜನಾ ಪುಸ್ತಕಗಳನ್ನು ತೆರೆದು ನೋಡಿ, ಪದದ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಹಳೆಯ ಸಿನಿಮಾ ಹಾಡಿನ ಹೆಸರು ಹಾಕಿರುತ್ತಾರೆ. ಧಾಟಿ ಸಾಲದ್ದು, ಮಾತು ಪೂರ್ತಿ ಸ್ವಂತದ್ದು. ಮೊಹರಂನಲ್ಲಿ ರಿವಾಯತ್ ಪದ ಹಾಡುವವರೂ ಗೊತ್ತಿರುವ ಧಾಟಿಗೆ ಹೊಸ ಪದ ಕಟ್ಟುತ್ತಾರೆ. ಶಬ್ದ ಅಳಿಸುವುದು ಬೇರೆ, ಹಾಡು ಕಟ್ಟುವುದು ಬೇರೆ. ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

‘ಪಾಲಕರಿಗೆ ಹಿಟ್ ಹಾಡೇ ಬೇಕಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಧಾಟಿ ಹಿಟ್ ಹಾಡಿನದೇ ಇರಲಿ. ಮಾತು ಮಾತ್ರ ಮಕ್ಕಳ ಲೋಕದಿಂದ ಬರಲಿ. ಊರ ಪಕ್ಕದ ಮಲಗಿದ ಬುದ್ಧನ ಬೆಟ್ಟ, ಹತ್ತಿ ಬಿಡಿಸಲು ಹೋಗುವ ಅವ್ವ, ಬೇಸಿಗೆಯ ಬಿಸಿಲು, ಬರದ ಬಸ್ಸು, ಬಿಸಿಯೂಟದ ಸಾಂಬಾರು... ಒಂದಾ, ಎರಡಾ? ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಹಾಡುತ್ತಲೇ ಕಲಿಯುತ್ತಾರೆ. ಪ್ರತಿಭಾ ಕಾರಂಜಿಯಲ್ಲಿ ಅಭಿನಯ ಗೀತೆಗೆ ಸ್ಪರ್ಧೆಯೇ ಇದೆ. ಆ ಹಾಡುಗಳು ಗ್ಯಾದರಿಂಗ್ ಸ್ಟೇಜಿಗೆ ಬಂದಾಗ ಮಾತ್ರ ನಮಗೇಕೆ ‘ಡಲ್’ ಅನಿಸಬೇಕು?

ಸ್ಟೇಜ್ ಮೇಲೆ ನಿಂತ ಮಗುವಿಗೆ ಹಾಡಿನ ಅರ್ಥ ತಿಳಿಯದೇ ಇರಬಹುದು. ಆದರೆ ಚಪ್ಪಾಳೆ, ಸೀಟಿ ಯಾವ ಸ್ಟೆಪ್ಪಿಗೆ ಬಿತ್ತು ಎಂಬುದು ಚೆನ್ನಾಗಿ ತಿಳಿಯುತ್ತದೆ. ದೊಡ್ಡವರಂತೆ ಕುಣಿದರಷ್ಟೇ ಮೆಚ್ಚುಗೆ ಎಂಬ ಪಾಠವನ್ನು ನಾವು ಅಲ್ಲಿ ಕಲಿಸುತ್ತೇವೆ. ಯಾವ ಶಬ್ದ ತೆಗೆದರೂ ಈ ಪಾಠ ಅಳಿಸಿಹೋಗುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಊರಲ್ಲೇ ಇರುವ ನಮ್ಮಂಥವರನ್ನು ‘ಸ್ವಲ್ಪ ಡ್ಯಾನ್ಸ್ ಕಲಿಸಿಕೊಡು ಬಾ’ ಎಂದು ಶಾಲೆಯವರು ಕರೆಯುವುದುಂಟು. ಕರೆದರೆ ಖಂಡಿತ ಹೋಗೋಣ. ಆದರೆ ಮೊಬೈಲ್‌ನಲ್ಲಿ ಹಾಡು ಕತ್ತರಿಸುವ ಬದಲು ಎರಡು ಸಂಜೆ ಮಕ್ಕಳ ಜೊತೆ ಕೂತು, ಅವರ ಮಾತಿನಲ್ಲೇ ನಾಲ್ಕು ಸಾಲು ಕಟ್ಟೋಣ. ಪ್ರಾಸ ತಪ್ಪಿದರೂ ಚಿಂತೆಯಿಲ್ಲ, ಹಾಡು ಅವರದಾಗಿರುತ್ತದೆ.