ದುಡಿಮೆ ಅವಳದು, ಖಾತೆ ಯಾರದು?

ಆದಿದೇವನು ತನ್ನ ಮಕ್ಕಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಗಣಿತವನ್ನೂ ಕಲಿಸಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಇಂದು ಕಾಂದಿವಲಿಯ ಫ್ಲ್ಯಾಟುಗಳಲ್ಲಿ ಅದೇ ವಿದ್ಯೆಗಳು ಸಂಪಾದನೆಯ ಮಾರ್ಗವಾಗಿವೆ. ಚರ್ಚ್‌ಗೇಟ್ ಲೋಕಲ್‌ನ ನೂಕುನುಗ್ಗಲಿಗೆ ಸಿಲುಕದೆ, ದೂರದ ಉದ್ಯಮಿಗಳ ಪತ್ರವ್ಯವಹಾರ, ಬಿಲ್ಲು, ಭೇಟಿಯ ವೇಳಾಪಟ್ಟಿಗಳನ್ನು ಮನೆಯಿಂದಲೇ ನಿರ್ವಹಿಸುವ ‘ವರ್ಚುವಲ್ ಅಸಿಸ್ಟೆಂಟ್’ ವೃತ್ತಿಯನ್ನು ಗೃಹಿಣಿಯರು ಸ್ವತಂತ್ರವಾಗಿ ನಡೆಸಬಲ್ಲರು.

ಆದರೆ ಎಷ್ಟೋ ಮನೆಗಳಲ್ಲಿ ಇದಕ್ಕೆ ‘ಹೊತ್ತು ಕಳೆಯುವ ಕೆಲಸ’ವೆಂಬ ಹೆಸರು. ಬಿಲ್ಲು ಪತಿಯ ಪ್ಯಾನ್‌ನಲ್ಲಿ, ಹಣ ಪತಿಯ ಖಾತೆಗೆ. ದುಡಿದವಳ ಹೆಸರಿನಲ್ಲಿ ಆದಾಯ ತೆರಿಗೆ ರಿಟರ್ನ್ ಇಲ್ಲದಿದ್ದರೆ, ನಾಳೆ ಬ್ಯಾಂಕಿನಲ್ಲಿ ಸಾಲ ಕೇಳಲು ಅವಳ ಬಳಿ ದಾಖಲೆಯೇ ಇರದು. ಒಬ್ಬರ ಗಳಿಕೆಯನ್ನು ಇನ್ನೊಬ್ಬರದೆಂದು ಬರೆಯುವುದು ಸುಳ್ಳು ಲೆಕ್ಕ, ಸತ್ಯಾಣುವ್ರತಕ್ಕೂ ಸಲ್ಲದು. ಮಹಾರಾಷ್ಟ್ರದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಬೇಡವಾದ್ದರಿಂದ, ತೊಡಕಿನ ನೆಪವೂ ನಿಲ್ಲದು.

ಸರ್ಕಾರದ ಹೊಣೆಯೂ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು ನೌಕರಿಯಲ್ಲಿರುವ ತಾಯಿಗೆ 26 ವಾರಗಳ ವೇತನಸಹಿತ ರಜೆ ನೀಡಿತು. ಮಾಲೀಕನಿಲ್ಲದೆ ದುಡಿಯುವ ತಾಯಿಯನ್ನು ಅದು ಪರಿಗಣಿಸಲಿಲ್ಲ. ಈ ಕೊರತೆಯನ್ನು ಜನಪ್ರತಿನಿಧಿಗಳ ಮುಂದೆ ಸಮಾಜವು ಎತ್ತಬೇಕು. ಅದಕ್ಕೂ ಮೊದಲು ಪ್ರತಿ ಕುಟುಂಬವೂ ಈ ತಿಂಗಳ ಬಿಲ್ಲನ್ನು ದುಡಿದವಳ ಹೆಸರಿನಲ್ಲಿಯೇ ಬರೆಯಲಿ.